ಹಾಳೆಯಿಂದ ಆಲಯಕ್ಕೆ

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಧರ್ಮಕೇಂದ್ರದ ಹಳೆಯ ದೇವಾಲಯದ ಗೋಡೆಗಳು ಮಳೆಗಾಲದಲ್ಲಿ ಬಿರುಕು ಬಿಟ್ಟವು. ಒಳಗೆ ಜನ ಸೇರುವುದು ಅಪಾಯಕರವೆಂದು ತಿಳಿದವರು ಹೇಳಿದರು. ಹೊಸ ಕಟ್ಟಡ ಏಳುವವರೆಗೆ ಅಂಗಳದಲ್ಲಿ ಕಬ್ಬಿಣದ ಕಂಬಗಳನ್ನು ನೆಟ್ಟು, ಮೇಲೆ ತಗಡಿನ ಶೀಟುಗಳನ್ನು ಹೊದಿಸಿ, ಅವುಗಳ ಕೆಳಗೆ ಬಲಿಪೂಜೆ ಅರ್ಪಿಸತೊಡಗಿದೆವು. ಹೀಗೆ ಎರಡು ಮಳೆಗಾಲಗಳು ಕಳೆದವು. ಮಳೆ ಜೋರಾದಾಗ ನಮ್ಮ ಪ್ರಬೋಧನೆ ಮುಂದಿನ ಸಾಲಿನವರಿಗೂ ಕೇಳಿಸುತ್ತಿರಲಿಲ್ಲ.

ಒಂದು ಸಂಜೆ ಹಿರಿಯರೊಬ್ಬರು ಬಂಗಲೆಗೆ ಬಂದು ಬಹಳ ಸಂಕೋಚದಿಂದ ಹೇಳಿದರು: "ಫಾದರ್, ಬೇಸರ ಮಾಡಿಕೊಳ್ಳಬೇಡಿ. ಇರುವವಳು ಒಬ್ಬಳೇ ಮಗಳು. ಗಂಡಿನ ಕಡೆಯವರು ಪೇಟೆಯವರು. ಈ ತಗಡಿನ ಕೆಳಗೆ ಅವಳ ಮದುವೆ ಹೇಗೆ ಮಾಡಲಿ, ತಾವೇ ಹೇಳಿ. ಪೇಟೆಯ ಇಗರ್ಜಿಗೆ ಒಂದು ಪತ್ರ ಬರೆದುಕೊಟ್ಟರೆ ಉಪಕಾರವಾಗುತ್ತದೆ."

ನಾವು ಪತ್ರ ಬರೆದುಕೊಟ್ಟೆವು. ಒಂದು ಮಾತನ್ನೂ ಆಡಲಿಲ್ಲ. ಸತ್ಯ ಹೇಳಬೇಕೆಂದರೆ, ಆ ತಗಡಿನ ಮಾಡಿನ ಬಗ್ಗೆ ಅವರಿಗಿದ್ದ ನಾಚಿಕೆ ನಮಗೂ ಇತ್ತು. ಹೊರಗಿನ ಗುರುಗಳು ಬಂದಾಗಲೆಲ್ಲ "ಇದು ತಾತ್ಕಾಲಿಕ, ತಾತ್ಕಾಲಿಕ" ಎಂದು ಕೇಳದಿದ್ದರೂ ಹೇಳುತ್ತಿದ್ದೆವು. ಅಂದು ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರ ನಮಗೆ ಹೊಳೆದದ್ದು ಬಹಳ ತಡವಾಗಿ. ಅದನ್ನೇ ಈ ವಾರ ಓದುಗ ಬಾಂಧವರ ಮುಂದೆ ಇಡುತ್ತಿದ್ದೇವೆ.

ಉತ್ತರದ ಆರಂಭ ಒಂದು ಹಾಳೆ ಕಾಗದದಲ್ಲಿದೆ. ಈ ಪತ್ರಿಕೆಯನ್ನು ಓದಿ ಮುಗಿಸಿದ ಮೇಲೆ ಇದರ ಒಂದು ಹಾಳೆಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಲು ಪ್ರಯತ್ನಿಸಿರಿ. ಅದು ನಿಲ್ಲುವುದಿಲ್ಲ; ಕುಸಿದು ಬೀಳುತ್ತದೆ. ಈಗ ಅದೇ ಹಾಳೆಯನ್ನು ಉದ್ದಕ್ಕೆ ನಡುವೆ ಒಮ್ಮೆ ಮಡಿಸಿ, ಪುಸ್ತಕದ ರಟ್ಟಿನಂತೆ ಅರ್ಧ ತೆರೆದು ನಿಲ್ಲಿಸಿರಿ. ಅದು ನಿಲ್ಲುತ್ತದೆ. ಅಷ್ಟೇ ಅಲ್ಲ, ಅದಕ್ಕೆ ಈಗ ಒಂದು 'ಒಳಗು' ಮತ್ತು ಒಂದು 'ಹೊರಗು' ಹುಟ್ಟಿಕೊಂಡಿವೆ. ಮಕ್ಕಳು ಅದರ ಒಳಬದಿಗೆ ಒಂದು ಬೊಂಬೆಯನ್ನು ಕೂರಿಸಿ 'ಮನೆ' ಎನ್ನುತ್ತಾರೆ. ನಾವು ಆ ಹಾಳೆಗೆ ಸೇರಿಸಿದ್ದೇನು? ಏನೂ ಇಲ್ಲ. ಅದರ ತೂಕ ಮೊದಲಿನಷ್ಟೇ ಇದೆ. ಒಂದು ಕ್ರಿಯೆ ನಡೆಯಿತು, ಅಷ್ಟೇ.

ಇದನ್ನು ಒಂದು ಶಿಕ್ಷಣ ಪದ್ಧತಿಯನ್ನಾಗಿ ಬೆಳೆಸಿದವರು ಯೋಸೆಫ್ ಆಲ್ಬರ್ಸ್. ಜರ್ಮನಿಯ ಗಣಿಗಳ ಊರಾದ ಬೊಟ್ರೊಪ್‌ನ ಕಥೋಲಿಕ ಕುಟುಂಬವೊಂದರಲ್ಲಿ 1888ರ ಮಾರ್ಚ್ 19ರಂದು, ಅಂದರೆ ಸಂತ ಜೋಸೆಫರ ಹಬ್ಬದಂದೇ, ಅವರು ಜನಿಸಿದರು. ಆ ಊರಿನ ಸಂತ ಮೈಕೆಲರ ದೇವಾಲಯಕ್ಕೆ 1918ರಲ್ಲಿ ಬಣ್ಣದ ಗಾಜಿನ ಕಿಟಕಿಯೊಂದನ್ನು ರಚಿಸಿದರು; ಅದು ಈಗ ಉಳಿದಿಲ್ಲ. ವಾಲ್ಟರ್ ಗ್ರೋಪಿಯುಸ್ 1919ರಲ್ಲಿ ವೈಮಾರ್ ನಗರದಲ್ಲಿ ಸ್ಥಾಪಿಸಿದ 'ಬೌಹೌಸ್' ಎಂಬ ಕಲಾಶಾಲೆಗೆ ಆಲ್ಬರ್ಸ್ ಮೊದಲು ವಿದ್ಯಾರ್ಥಿಯಾಗಿ ಸೇರಿ, 1923ರಿಂದ ಅಲ್ಲಿಯ ಪ್ರಾರಂಭಿಕ ತರಗತಿಗೆ ಪಾಠ ಹೇಳತೊಡಗಿದರು.

ಆ ತರಗತಿಯಲ್ಲಿದ್ದ ಒಬ್ಬರು ಮುಂದೆ ನೆನಪಿಸಿಕೊಂಡ ಪ್ರಸಂಗವಿದು. ಆಲ್ಬರ್ಸ್ ಒಂದು ಕಟ್ಟು ವೃತ್ತಪತ್ರಿಕೆಗಳನ್ನು ತಂದು ವಿದ್ಯಾರ್ಥಿಗಳಿಗೆ ಹಂಚಿದರು. ಸಾಧ್ಯವಾದರೆ ಕತ್ತರಿ, ಅಂಟು ಮೊದಲಾದ ಯಾವ ಸಾಧನವೂ ಇಲ್ಲದೆ, ಕಾಗದದ ಸ್ವಭಾವವನ್ನು ಗೌರವಿಸಿ, ಅದರಿಂದ ಏನನ್ನಾದರೂ ರಚಿಸಬೇಕೆಂದು ಹೇಳಿ ಹೊರಟುಹೋದರು. ಕೆಲವು ಗಂಟೆಗಳ ಬಳಿಕ ಮರಳಿ ಬಂದಾಗ ಮುಖವಾಡ, ದೋಣಿ, ಕೋಟೆ, ವಿಮಾನಗಳೆಲ್ಲ ಸಿದ್ಧವಾಗಿದ್ದವು. ಅವನ್ನೆಲ್ಲ ಅವರು ಶಿಶುವಿಹಾರದ ಆಟಿಕೆಗಳೆಂದು ಬದಿಗಿಟ್ಟರು. ಹಂಗೇರಿಯ ಒಬ್ಬ ತರುಣ ಮಾತ್ರ ತನ್ನ ಪತ್ರಿಕೆಯನ್ನು ಉದ್ದಕ್ಕೆ ಮಡಿಸಿ ಸುಮ್ಮನೆ ನಿಲ್ಲಿಸಿದ್ದ. ಆಲ್ಬರ್ಸ್ ಮೆಚ್ಚಿದ್ದು ಅದನ್ನೇ. ಮಲಗಿದ್ದ ಕಾಗದದ ಒಂದು ಮುಖವಷ್ಟೇ ಕಾಣುತ್ತಿತ್ತು. ನಿಂತ ಮೇಲೆ ಎರಡೂ ಮುಖಗಳು ಕಾಣುತ್ತಿವೆ, ಮೆದುವಾಗಿದ್ದುದು ಬಿಗಿಯಾಗಿದೆ ಎಂದು ಅವರು ವಿವರಿಸಿದರು. ದೋಣಿ ಕೋಟೆಗಳಲ್ಲಿ ಕಾಗದವು ಬೇರೊಂದರ ವೇಷ ತೊಟ್ಟಿತ್ತು. ಮಡಿಸಿದ ಹಾಳೆಯಲ್ಲಿ ಅದು ತನ್ನ ಶಕ್ತಿಯನ್ನೇ ತೋರಿಸಿತ್ತು.

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುತ್ತಿದ್ದಾಗ ಅರಿಸ್ಟಾಟಲ್ ಹೇಳಿದ ದ್ರವ್ಯ ಮತ್ತು ರೂಪಗಳ ಸಿದ್ಧಾಂತವನ್ನು ನಾವು ಬಾಯಿಪಾಠ ಮಾಡಿದ್ದೆವು. ಕಂಚು ದ್ರವ್ಯ, ಪ್ರತಿಮೆಯ ಆಕಾರ ರೂಪ. ದ್ರವ್ಯದಲ್ಲಿ ಸಾಧ್ಯತೆಯಾಗಿ ಅಡಗಿರುವುದನ್ನು ಕ್ರಿಯೆಯು ವಾಸ್ತವಕ್ಕೆ ತರುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಉತ್ತೀರ್ಣರಾದೆವು. ಆದರೂ ರೂಪವೆಂಬುದು ಕೇವಲ ಹೊರಗಿನ ಅಲಂಕಾರವಲ್ಲವೇ ಎಂಬ ಸಂಶಯ ಒಳಗೆ ಉಳಿದಿತ್ತು. ಮಡಿಸಿದ ಹಾಳೆ ಆ ಸಂಶಯವನ್ನು ನಿವಾರಿಸಿತು. ದ್ರವ್ಯ ಒಂದಿಷ್ಟೂ ಹೆಚ್ಚಾಗಿಲ್ಲ, ಆದರೆ ಬಲ ಹೆಚ್ಚಾಗಿದೆ. ಹಾಗಾದರೆ ರೂಪವು ಅಲಂಕಾರವಲ್ಲ. ಅದು ಭಾರವನ್ನು ಹೊರುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಎಲೆಯನ್ನು ಬಾಗಿಸಿ ಕಡ್ಡಿ ಚುಚ್ಚಿದರೆ ಅದು ದೊನ್ನೆ. ಪಾಯಸವನ್ನು ಚೆಲ್ಲದೆ ಹಿಡಿಯುತ್ತದೆ. ಅಂಗಡಿಯವನು ಕಾಗದವನ್ನು ಕೈಯಲ್ಲಿ ಸುರುಳಿ ಸುತ್ತಿದರೆ ಅದು ಪೊಟ್ಟಣ. ಅಡಿಕೆಯ ಹಾಳೆಯನ್ನು ಮಡಿಸಿ ಹೊಲಿದರೆ ತುಳುನಾಡಿನ ರೈತನ ಮುಟ್ಟಾಳೆ. ಕ್ರಿಸ್ಮಸ್‌ಗೆ ಗೋದಲಿ ಕಟ್ಟುವಾಗ ನಮ್ಮ ಮನೆಗಳ ಮಕ್ಕಳು ಕಂದು ಕಾಗದವನ್ನು ಮುದುಡಿ, ಬಿಡಿಸಿ, ಬಣ್ಣ ಬಳಿದು ಗವಿಯನ್ನು ನಿರ್ಮಿಸುತ್ತಾರೆ. ಆ ಮುದುಡುವಿಕೆಯಿಂದಲೇ ಕಾಗದ ಬಂಡೆಯಂತೆ ನಿಲ್ಲುತ್ತದೆ.

ನಮ್ಮ ಭಾಷೆಯೂ ಇದನ್ನು ಬಲ್ಲದು. 'ಮಡಿ' ಎಂದರೆ ಮಡಿಸು. ಅದೇ ಮಾತು ಇಮ್ಮಡಿ, ಮುಮ್ಮಡಿ ಎಂಬಲ್ಲಿ ಹೆಚ್ಚಳವನ್ನು ಸೂಚಿಸುತ್ತದೆ. ಮಡಿಲು ಎಂಬ ಪದವೂ ಅದೇ ಬಳ್ಳಿಯದು. ಸೀರೆಯೆಂಬುದು ನೇಯ್ದು ಹಾಸಿದ ಒಂದು ಸಪಾಟು ಬಟ್ಟೆ. ತಾಯಿ ಅದರ ಸೆರಗನ್ನು ಮಡಿಸಿ ಹಿಡಿದಳೆಂದರೆ ಅಲ್ಲಿ ಮಡಿಲು ಏರ್ಪಡುತ್ತದೆ, ಅಕ್ಕಿಗೂ ತೆಂಗಿನಕಾಯಿಗೂ ಎಡೆಯಾಗುತ್ತದೆ. ಕಟ್ಟಡದ ವಿಷಯವೂ ಇದೇ. ಗೋಡೆಗಳೂ ಛಾವಣಿಯೂ ಕಣ್ಣಿಗೆ ಕಾಣುವ ಭಾಗಗಳು. ನಾವು ವಾಸಿಸುವುದು ಅವು ಸುತ್ತುವರಿದ ಬರಿದಾದ ಎಡೆಯಲ್ಲಿ. ಆ ಎಡೆಗೆ ನಾವು 'ಅವಕಾಶ' ಎನ್ನುತ್ತೇವೆ. ಕನ್ನಡದಲ್ಲಿ ಆ ಮಾತಿಗೆ ಸ್ಥಳವೆಂಬ ಅರ್ಥವೂ ಉಂಟು, ಸಂದರ್ಭವೆಂಬ ಅರ್ಥವೂ ಉಂಟು.

ಆದುದರಿಂದಲೇ ವಾಸ್ತುಶಿಲ್ಪದ ಅನೇಕ ಶಾಲೆಗಳಲ್ಲಿ ಇಂದಿಗೂ ಮೊದಲ ವರ್ಷದ ವಿದ್ಯಾರ್ಥಿಗೆ ಮನೆಯ ನಕ್ಷೆ ಬರೆಯಲು ಹೇಳುವ ಮೊದಲು ಒಂದು ಹಾಳೆಯನ್ನು ಕೊಡುತ್ತಾರೆ. ಮಡಿಸು, ಬಾಗಿಸು, ಸೀಳು, ಸುತ್ತು, ಮುದುಡು. ಏನಾಗುವುದೋ ನೋಡು ಎನ್ನುತ್ತಾರೆ. ಬಾಗಿಲು, ಕಿಟಕಿ, ಗೋಡೆ ಎಂಬ ನಾಮಪದಗಳಿಂದ ಹೊರಟವನು ತಾನು ಈಗಾಗಲೇ ಕಂಡ ಮನೆಯನ್ನೇ ಮತ್ತೆ ಕಟ್ಟುತ್ತಾನೆ. ಕ್ರಿಯಾಪದದಿಂದ ಹೊರಟವನಿಗೆ ಕಾಣದಿದ್ದ ಎಡೆಯೊಂದು ದೊರೆಯುವ ಸಂಭವವಿದೆ. ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ 1967-68ರ ಸುಮಾರಿಗೆ ಇಂತಹ ಕ್ರಿಯಾಪದಗಳದ್ದೇ ಒಂದು ಉದ್ದನೆಯ ಪಟ್ಟಿಯನ್ನು ಕೈಯಿಂದ ಬರೆದು, ಒಂದೊಂದನ್ನೂ ರಬ್ಬರ್, ಸೀಸಗಳ ಹಾಳೆಗಳ ಮೇಲೆ ಪ್ರಯೋಗಿಸಿದರು. ಮುಂದೆ ಅವರು ಬಾಗಿಸಿದ ದೈತ್ಯಾಕಾರದ ಉಕ್ಕಿನ ಫಲಕಗಳ ನಡುವೆ ಜನರು ನಡೆದಾಡುವಂತಾಯಿತು. ಸ್ಪೇನಿನ ಬಿಲ್ಬಾವೊ ನಗರದ ಗುಗ್ಗೆನ್‌ಹೈಮ್ ವಸ್ತುಸಂಗ್ರಹಾಲಯದಲ್ಲಿ 2005ರಿಂದ ಅವುಗಳ ದೊಡ್ಡ ಸಮೂಹವೇ ಇದೆ. ಸೆರಾ 2024ರಲ್ಲಿ ನಿಧನರಾದರು.

ಮಡಿಕೆಗೆ ಬಲ ಎಲ್ಲಿಂದ ಬರುತ್ತದೆ ಎಂದು ಮಕ್ಕಳು ಕೇಳಿಯಾರು. ಎರಡು ಲೋಟಗಳ ಮೇಲೆ ಒಂದು ಹಾಳೆಯನ್ನು ಅಡ್ಡವಿಟ್ಟರೆ ಅದು ತನ್ನ ಭಾರಕ್ಕೇ ಜೋಲುತ್ತದೆ. ಸಪಾಟಾದ ಹಲಗೆಯೊಂದರ ಬಿಗಿತ ಅದರ ದಪ್ಪವನ್ನು ಅವಲಂಬಿಸಿದೆ: ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟಾಗುತ್ತದೆ. ಕಾಗದಕ್ಕೆ ಆ ದಪ್ಪವೇ ಇಲ್ಲ. ಅದೇ ಹಾಳೆಯನ್ನು ಬೀಸಣಿಗೆಯಂತೆ ಬೆರಳಗಲದ ನೆರಿಗೆಗಳಾಗಿ ಮಡಿಸಿ ಇಟ್ಟರೆ, ನೆರಿಗೆಯ ತುದಿಗೂ ಬುಡಕ್ಕೂ ನಡುವಿನ ಎತ್ತರವು ದಪ್ಪದ ಕೆಲಸವನ್ನು ಮಾಡುತ್ತದೆ. ನಾಲ್ಕಾರು ನಾಣ್ಯಗಳನ್ನು ಇಟ್ಟರೂ ಹಾಳೆ ಹೊರುತ್ತದೆ.

ನಮ್ಮ ಅಂಗಳದ ತಗಡಿನ ಶೀಟು ಬೇರೇನೂ ಅಲ್ಲ. ಅದು ನೆರಿಗೆ ಹಿಡಿದ ಕಬ್ಬಿಣದ ಹಾಳೆ. ಲಂಡನ್ನಿನ ಹಡಗುಕಟ್ಟೆಯ ಎಂಜಿನಿಯರರಾಗಿದ್ದ ಹೆನ್ರಿ ರಾಬಿನ್ಸನ್ ಪಾಮರ್ 1829ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ತೆಳುವಾದ ಕಬ್ಬಿಣವನ್ನು ಅಲೆಗಳಂತೆ ಬಾಗಿಸಿದರೆ ಹೆಚ್ಚು ತೊಲೆಗಳಿಲ್ಲದೆ ವಿಶಾಲವಾದ ಉಗ್ರಾಣಗಳನ್ನು ಮುಚ್ಚಬಹುದೆಂದು ಅವರು ತೋರಿಸಿದರು. ಜಗತ್ತಿನ ಬಡವರ ಕೋಟ್ಯಂತರ ಮನೆಗಳು ಆ ಒಂದು ನೆರಿಗೆಯ ಆಸರೆಯಲ್ಲಿ ನಿಂತಿವೆ. ನಾವು ನಾಚಿಕೊಂಡದ್ದು ಅದಕ್ಕೆ!

ಈ ನೆರಿಗೆ ಉಗ್ರಾಣಕ್ಕಷ್ಟೇ ಸೀಮಿತವಾಗಿ ಉಳಿಯಲಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಕಾಲೇಜ್‌ವಿಲ್ ಎಂಬಲ್ಲಿ ಬೆನೆಡಿಕ್ಟನ್ ಸಭೆಯ ಸಂತ ಯೊವಾನ್ನರ ಮಠವಿದೆ. ಅಲ್ಲಿಯ ಸನ್ಯಾಸಿಗಳು 1953ರಲ್ಲಿ ತಮ್ಮ ಹೊಸ ದೇವಾಲಯದ ಯೋಜನೆಗಾಗಿ ಮಾರ್ಸೆಲ್ ಬ್ರಾಯರ್ ಅವರನ್ನು ಆರಿಸಿದರು. ಹಂಗೇರಿಯಲ್ಲಿ ಹುಟ್ಟಿದ ಬ್ರಾಯರ್ ಬೌಹೌಸ್‌ನಲ್ಲಿ ಆಲ್ಬರ್ಸ್ ಅವರ ಸಹೋದ್ಯೋಗಿಯಾಗಿದ್ದವರು. 1958ರಿಂದ 1961ರವರೆಗೆ ನಡೆದ ಕಾಮಗಾರಿಯಲ್ಲಿ ದೇವಾಲಯದ ಪಕ್ಕದ ಗೋಡೆಗಳೂ ಛಾವಣಿಯೂ ಕಾಂಕ್ರೀಟಿನ ದೊಡ್ಡ ನೆರಿಗೆಗಳಾಗಿ ಎದ್ದವು. ಬೀಸಣಿಗೆ ಮಾಡಿದ ನಮ್ಮ ಹಾಳೆಯನ್ನು ಗೋಡೆಯಾಗಿ ನಿಲ್ಲಿಸಿ, ಮೇಲಕ್ಕೆ ಬಾಗಿಸಿ ಛಾವಣಿಯಾಗಿಸಿದಂತೆ ಅದರ ರಚನೆ. ಛಾವಣಿಯನ್ನು ಹೊರುವ ಕಂಬಗಳ ಸಾಲು ನಡುವೆ ಇಲ್ಲದುದರಿಂದ ಜನರ ಕಣ್ಣಿಗೂ ಬಲಿಪೀಠಕ್ಕೂ ಮಧ್ಯೆ ಅಡ್ಡಿಯಿಲ್ಲ. ಭಕ್ತಜನರೆಲ್ಲ ಬಲಿಪೀಠದ ಸುತ್ತ ಒಂದುಗೂಡಬೇಕೆಂಬ ಆಶಯ ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ ಮೊಳಗುವ ಮೊದಲೇ ಅಲ್ಲಿ ಮಡಿಕೆಯೊಂದು ಅದಕ್ಕೆ ಎಡೆ ಮಾಡಿಕೊಟ್ಟಿತ್ತು.

ದೇವಾಲಯದ ಮುಂದೆ 112 ಅಡಿ ಎತ್ತರದ, ಧ್ವಜದಂತಹ ಒಂದು ಕಾಂಕ್ರೀಟ್ ಫಲಕವಿದೆ. ಅಲ್ಲಿ ನಡೆದ ಕ್ರಿಯೆ ಕತ್ತರಿಸುವುದು: ಫಲಕದಲ್ಲಿ ತೆರೆದ ಎಡೆಗಳಲ್ಲಿ ಶಿಲುಬೆ ಮತ್ತು ಗಂಟೆಗಳಿವೆ. ಅದೇ ಮಠದ ಒಂದು ಚಿಕ್ಕ ಪ್ರಾರ್ಥನಾಲಯಕ್ಕೆ 1955ರಲ್ಲಿ ಬಿಳಿಯ ಶಿಲುಬೆಯ ಗಾಜಿನ ಕಿಟಕಿಯನ್ನು ರಚಿಸಿಕೊಟ್ಟವರು ಆಲ್ಬರ್ಸ್. ನಾಟ್ಸಿಗಳ ಒತ್ತಡದಿಂದ ಬೌಹೌಸ್ 1933ರಲ್ಲಿ ಮುಚ್ಚಿದಾಗ ಅಮೆರಿಕಕ್ಕೆ ವಲಸೆ ಬಂದಿದ್ದ ಅವರು, 1976ರ ಮಾರ್ಚ್ 25ರಂದು, ಮಂಗಳವಾರ್ತೆಯ ಹಬ್ಬದ ದಿನ ಕಣ್ಮುಚ್ಚಿದರು.

ಕಾಂಕ್ರೀಟಿನ ಮಠವನ್ನು ನೋಡಿ ನಮ್ಮ ಹಿರಿಯರು, "ಅದಕ್ಕೆ ನಮ್ಮಲ್ಲಿ ಹಣವೆಲ್ಲಿ ಫಾದರ್?" ಎಂದು ಕೇಳಿದರೆ ಆಶ್ಚರ್ಯವಿಲ್ಲ. ಅವರಿಗೆ ಜಪಾನಿನ ಕೋಬೆ ನಗರದ ಕಥೆಯನ್ನು ಹೇಳಬೇಕು.

1995ರ ಜನವರಿ 17ರ ಮುಂಜಾನೆ 5.46ಕ್ಕೆ ಕೋಬೆಯಲ್ಲಿ ಭೂಮಿ ಕಂಪಿಸಿತು. ಆರು ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಅನಂತರ ಹಬ್ಬಿದ ಬೆಂಕಿಯಲ್ಲಿ ನಗಾಟಾ ಪ್ರದೇಶದ ತಕಾತೊರಿ ಕಥೋಲಿಕ ದೇವಾಲಯವೂ ಉರಿದುಹೋಯಿತು. ಆ ಧರ್ಮಕೇಂದ್ರದಲ್ಲಿ ವಿಯೆಟ್ನಾಮಿನಿಂದ ನಿರಾಶ್ರಿತರಾಗಿ ಬಂದಿದ್ದ ಅನೇಕ ಕುಟುಂಬಗಳಿದ್ದವು. ತೋಕಿಯೊದ ವಾಸ್ತುಶಿಲ್ಪಿ ಷಿಗೆರು ಬಾನ್ ಅಲ್ಲಿಗೆ ಬಂದು, ಕಾಗದದ ಕೊಳವೆಗಳಿಂದ ದೇವಾಲಯವನ್ನು ಮತ್ತೆ ಕಟ್ಟೋಣವೆಂದರು. ಬೆಂಕಿಯಲ್ಲಿ ಎಲ್ಲವೂ ಸುಟ್ಟುಹೋದ ಮೇಲೆ ಕಾಗದದ ದೇವಾಲಯವೇ? ಅಲ್ಲಿಯ ಧರ್ಮಗುರುಗಳು ಇದನ್ನು ಹುಚ್ಚೆಂದೇ ಭಾವಿಸಿದರು. ನಾವು ಅವರ ಸ್ಥಾನದಲ್ಲಿದ್ದರೂ ಹಾಗೆಯೇ ಭಾವಿಸುತ್ತಿದ್ದೆವು.

ಬಾನ್ ಬಿಡಲಿಲ್ಲ. ಮತ್ತೆ ಮತ್ತೆ ಕೋಬೆಗೆ ಬಂದರು. ಉದ್ಯಾನದಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ದಿನ ದೂಡುತ್ತಿದ್ದ ವಿಯೆಟ್ನಾಮಿನ ಕುಟುಂಬಗಳನ್ನು ಕಂಡು, ಮೊದಲು ಅವರಿಗೆ ಕಾಗದದ ಕೊಳವೆಗಳ ಗೋಡೆಯ ಮನೆಗಳನ್ನು ಕಟ್ಟಿಸಿದರು. ಬಿಯರ್ ಬಾಟಲಿಗಳ ಪೆಟ್ಟಿಗೆಗಳೇ ಅವುಗಳ ಅಡಿಪಾಯ. ಹಣವನ್ನೂ ಕೆಲಸಗಾರರನ್ನೂ ತಾವೇ ಹೊಂದಿಸುವುದಾದರೆ ಆಗಲಿ ಎಂದು ಧರ್ಮಗುರುಗಳು ಕೊನೆಗೆ ಒಪ್ಪಿದರು. ವಿದ್ಯಾರ್ಥಿಗಳೂ ಸೇರಿದಂತೆ ಸುಮಾರು 160 ಸ್ವಯಂಸೇವಕರು ಐದು ವಾರಗಳಲ್ಲಿ ಕೆಲಸ ಮುಗಿಸಿದರು. 1995ರ ಸೆಪ್ಟೆಂಬರಿನಲ್ಲಿ ಅದು ಸಿದ್ಧವಾಯಿತು.

ಇಲ್ಲಿ ಕಾಗದದ ಮೇಲೆ ನಡೆದ ಕ್ರಿಯೆ ಸುತ್ತುವುದು. ಬಟ್ಟೆಯ ಅಂಗಡಿಯಲ್ಲಿ ಥಾನನ್ನು ಸುತ್ತಿಡುವ ರಟ್ಟಿನ ಕೊಳವೆಯನ್ನು ಎಲ್ಲರೂ ನೋಡಿದ್ದೀರಿ. ಕಾಗದದ ಪಟ್ಟಿಗಳಿಗೆ ಅಂಟು ಹಚ್ಚಿ, ಒಂದರ ಮೇಲೊಂದರಂತೆ ಓರೆಯಾಗಿ ಸುತ್ತಿದರೆ ಅಂತಹ ಕೊಳವೆಯಾಗುತ್ತದೆ. ಕೋಬೆಯಲ್ಲಿ 5 ಮೀಟರ್ ಎತ್ತರದ, 33 ಸೆಂಟಿಮೀಟರ್ ವ್ಯಾಸದ, ಒಂದೂವರೆ ಸೆಂಟಿಮೀಟರ್ ದಪ್ಪದ 58 ಕೊಳವೆಗಳನ್ನು ಮೊಟ್ಟೆಯಾಕಾರದ ವೃತ್ತದಲ್ಲಿ ನಿಲ್ಲಿಸಿದರು. ಹಿಂದುಗಡೆ ಅವು ಒತ್ತೊತ್ತಾಗಿ ನಿಂತು ಬಲಿಪೀಠಕ್ಕೆ ಹಿನ್ನೆಲೆಯಾದವು. ಮುಂದುಗಡೆ ಒಂದರಿಂದೊಂದು ದೂರ ನಿಂತು ದಾರಿ ಬಿಟ್ಟವು. ಮೇಲೆ ಗುಡಾರದ ಬಟ್ಟೆಯ ಛಾವಣಿ. ಹೊರಗೆ, ಬೆಳಕನ್ನು ಒಳಬಿಡುವ ಪಾಲಿಕಾರ್ಬೊನೇಟ್ ಹಾಳೆಗಳ, 10 ಮೀಟರ್ ಅಗಲ 15 ಮೀಟರ್ ಉದ್ದದ ಆವರಣ. ಸುತ್ತಿದ ಹಾಳೆ, ಎಳೆದ ಹಾಳೆ, ನಿಲ್ಲಿಸಿದ ಹಾಳೆ. ದೇವಾಲಯದ ಗೋಡೆ, ಕಂಬ, ಮಾಡುಗಳೆಲ್ಲ ಹಾಳೆಗಳೇ.

ಮೂರು ವರ್ಷಕ್ಕೆಂದು ಕಟ್ಟಿದ ಅದು ಹತ್ತು ವರ್ಷ ನಿಂತಿತು. ಜನರು ಅದನ್ನು ಪ್ರೀತಿಸಿದ್ದರು. 2005ರಲ್ಲಿ ಕೊಳವೆಗಳನ್ನು ಬಿಚ್ಚಿದಾಗ ಅವು ಕಸದ ಬುಟ್ಟಿಗೆ ಹೋಗಲಿಲ್ಲ. 1999ರ ಭೂಕಂಪದಲ್ಲಿ ನಲುಗಿದ್ದ ತೈವಾನಿನ ತಾವೊಮಿ ಎಂಬ ಗ್ರಾಮಕ್ಕೆ ಹಡಗಿನಲ್ಲಿ ಸಾಗಿ, 2008ರಲ್ಲಿ ಅಲ್ಲಿ ಮತ್ತೆ ಎದ್ದು ನಿಂತವು. ಹಣಕ್ಕಾಗಿ ಕಟ್ಟಿದ ಕಾಂಕ್ರೀಟಿನ ಕಟ್ಟಡವೂ ತಾತ್ಕಾಲಿಕವಾಗಬಹುದು. ಜನ ಪ್ರೀತಿಸಿದರೆ ಕಾಗದದ ಕಟ್ಟಡವೂ ಶಾಶ್ವತವಾಗಬಹುದು ಎಂಬುದು ಬಾನ್ ಅನೇಕ ಸಲ ಹೇಳಿರುವ ವಿಚಾರ. ನಮ್ಮ ದೇಶಕ್ಕೂ ಅವರ ಕೊಳವೆಗಳು ಬಂದಿವೆ: 2001ರ ಗುಜರಾತ್ ಭೂಕಂಪದ ಬಳಿಕ ಭುಜ್‌ನಲ್ಲಿ, ಕುಸಿದ ಮನೆಗಳ ಕಲ್ಲುಮಣ್ಣಿನ ಮೇಲೆ ಮಣ್ಣಿನ ನೆಲ ಬಳಿದು, ಕಾಗದದ ಗೋಡೆ, ಬಿದಿರು ಮತ್ತು ಚಾಪೆಗಳ ಮಾಡಿನ ಮನೆಗಳನ್ನು ನಿರ್ಮಿಸಿದರು.

ಹಾಗೆ ನೋಡಿದರೆ ವಿಮೋಚನಾಕಾಂಡದಲ್ಲಿ ವರ್ಣಿತವಾದ ದೇವದರ್ಶನದ ಗುಡಾರವೂ ಹಾಳೆಗಳಿಂದಲೇ ಆದದ್ದಲ್ಲವೇ? ಒಳಗಿನ ಪರದೆಗಳು ಹತ್ತು, ಒಂದೊಂದೂ 28 ಮೊಳ ಉದ್ದ, 4 ಮೊಳ ಅಗಲ. ಅವುಗಳ ಮೇಲೆ ಮೇಕೆಯ ಕೂದಲಿನ ಪರದೆಗಳು ಹನ್ನೊಂದು. ಆರನೆಯದನ್ನು ಗುಡಾರದ ಮುಂಭಾಗದಲ್ಲಿ ಎರಡಾಗಿ ಮಡಿಸಬೇಕೆಂಬ ಸೂಚನೆಯೂ ಅಲ್ಲಿದೆ. ನಲವತ್ತು ವರ್ಷ ಅಲೆದ ಜನಾಂಗವು ಮಡಿಸಿ ಹೊತ್ತುಕೊಂಡು ಹೋಗಬಲ್ಲ ಆಲಯವದು. ಅದನ್ನು ತಾತ್ಕಾಲಿಕವೆಂದು ಯಾರೂ ಕಡೆಗಣಿಸಲಿಲ್ಲ.

ಕಲ್ಲು ಕಾಂಕ್ರೀಟಿನ ದೇವಾಲಯಗಳು ಬೇಡವೆಂಬುದು ನಮ್ಮ ವಾದವಲ್ಲ. ಕಾಗದಕ್ಕೆ ನೀರಿನ ಭಯವುಂಟು, ಬೆಂಕಿಯ ಭಯವುಂಟು. ನಮ್ಮ ಮಳೆಯನ್ನು ಬಲ್ಲವರು ಅದನ್ನು ಮರೆಯಲಾರರು. ಮಡಿಕೆಗೂ ಒಂದು ಮಿತಿಯಿದೆ. ಬೀಸಣಿಗೆ ಮಾಡಿದ ಹಾಳೆಯ ಮೇಲೆ ಭಾರವನ್ನು ಹೆಚ್ಚಿಸುತ್ತಾ ಹೋದರೆ ಅದರ ನೆರಿಗೆಗಳು ಎರಡೂ ಬದಿಗೆ ಜಾರಿ, ಹಾಳೆ ಮತ್ತೆ ಸಪಾಟಾಗಿ ಕುಸಿಯುತ್ತದೆ. ಎರಡೂ ತುದಿಗಳಿಗೆ ಒಂದೊಂದು ರಟ್ಟಿನ ತುಂಡನ್ನು ಅಂಟಿಸಿದರೆ ಅದು ಮತ್ತಷ್ಟು ಭಾರವನ್ನು ತಾಳುತ್ತದೆ. ಎಂಜಿನಿಯರರು ದೊಡ್ಡ ಕಟ್ಟಡಗಳಲ್ಲಿ ಮಾಡುವುದೂ ಅದನ್ನೇ. ಮಡಿಸಿದರಷ್ಟೇ ಸಾಲದು, ಮಡಿಕೆ ಬಿಚ್ಚಿಹೋಗದಂತೆ ಹಿಡಿದುಕೊಳ್ಳುವವರು ಬೇಕು. ಕೋಬೆಯಲ್ಲಿ ಹಾಗೆ ಹಿಡಿದುಕೊಂಡವರು 160 ಮಂದಿ.

ನಮ್ಮ ಅಂಗಳದಲ್ಲಿಯೂ ಅಂತಹವರಿದ್ದರು. ಗಾಳಿಗೆ ಶೀಟು ಎದ್ದ ರಾತ್ರಿ ಹಗ್ಗ ಹಿಡಿದು ಓಡಿಬಂದ ತರುಣರನ್ನೂ, ನೀರು ನುಗ್ಗಿದ ನೆಲವನ್ನು ಬೆಳಗಿನ ಪೂಜೆಗೆ ಮೊದಲು ಗುಡಿಸಿ ಒರೆಸಿದ ತಾಯಂದಿರನ್ನೂ ನಾವು ಕಂಡಿದ್ದೆವು. ನಮ್ಮ ದೃಷ್ಟಿಯೆಲ್ಲ ತಗಡಿನ ಮೇಲಿತ್ತು. ಅದರ ಕೆಳಗೆ ಏರ್ಪಟ್ಟಿದ್ದ ಅವಕಾಶವನ್ನು ಗಮನಿಸಲಿಲ್ಲ. ಹೆಣ್ಣಿನ ತಂದೆಗೆ ಪತ್ರ ಬರೆದುಕೊಡುವ ಮೊದಲು ಇಷ್ಟನ್ನಾದರೂ ಹೇಳಬಹುದಾಗಿತ್ತು. ಅವರು ಪೇಟೆಗೇ ಹೋಗುತ್ತಿದ್ದರೇನೋ. ಆದರೂ ಹೇಳಬೇಕಾದದ್ದು ನಮ್ಮ ಧರ್ಮವಾಗಿತ್ತು.

ಹೊಸ ದೇವಾಲಯ ಎದ್ದ ಮೇಲೆ ತಗಡಿನ ಮಾಡನ್ನು ಬಿಚ್ಚಿದೆವು. ಶೀಟುಗಳ ಪೈಕಿ ಹೆಚ್ಚಿನವು ಮನೆಯ ಮಾಡು ಸೋರುತ್ತಿದ್ದ ಮೂರು ಕುಟುಂಬಗಳಿಗೆ ಹೋದವು. ಬಿಚ್ಚುವ ಕೆಲಸಕ್ಕೆ ಆ ಹಿರಿಯರೂ ಬಂದಿದ್ದರು. ಸಂಜೆಯವರೆಗೆ ದುಡಿದು, ಹೋಗುವ ಮುನ್ನ ನಮ್ಮ ಬಳಿ ಬಂದು, "ಫಾದರ್, ಉಳಿದದ್ದರಲ್ಲಿ ಎರಡು ಶೀಟು ಕೊಡಬಹುದೋ? ದನದ ಕೊಟ್ಟಿಗೆಗೆ ಆಗುತ್ತಿತ್ತು" ಎಂದರು.

ಸಂತೋಷದಿಂದ ಕೊಟ್ಟೆವು.